ಕಾರಿನ ಆಸನದ ಚೌಕಟ್ಟು
ಕಾರಿನ ಆಸನದ ಚೌಕಟ್ಟು ಅಥವಾ ಸೀಟ್ ಫ್ರೇಮ್ ಎಂಬುದು ಕುಳಿತವರ ಭಾರವನ್ನು ಹೊರುವ ಉಕ್ಕಿನ ರಚನೆ. ಇದನ್ನು ಹಳಿಗಳ ಮೂಲಕ ವಾಹನದ ನೆಲಕ್ಕೆ ಬೋಲ್ಟ್‌ಗಳಿಂದ ಬಿಗಿಯಲಾಗಿರುತ್ತದೆ. ಅನೇಕ ಕಾರುಗಳಲ್ಲಿ ಸೀಟ್ ಬೆಲ್ಟಿನ ಬಕಲ್ ಕೂಡ ಇದಕ್ಕೇ ಜೋಡಣೆಯಾಗಿರುವುದರಿಂದ ಅಪಘಾತದ ವೇಳೆ ಬೆಲ್ಟಿನ ಎಳೆತವನ್ನೂ ಇದು ತಾಳಿಕೊಳ್ಳಬೇಕಾಗುತ್ತದೆ.

ಅರಬ್ಬೀ ಸಮುದ್ರದ ತೀರದಲ್ಲಿರುವ ಮಂಗಳೂರಿನಲ್ಲಿ ಉಪ್ಪಿನಂಶದ ಗಾಳಿ ಹಾಗೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಭಾರೀ ಮಳೆಯಿಂದ ಉಕ್ಕಿಗೆ ಬೇಗ ತುಕ್ಕು ಹಿಡಿಯುತ್ತದೆ. ಒದ್ದೆಯಾದ ಮ್ಯಾಟಿನ ಅಡಿಯಲ್ಲಿ ಹಳಿ, ಬೋಲ್ಟು, ನೆಲದ ತಗಡು ಸವೆಯುವುದು ಹೊರಗೆ ಕಾಣದು. ಆಸನ ಅಲುಗಾಡುವುದೇ ಸಾಮಾನ್ಯವಾಗಿ ಮೊದಲ ಸೂಚನೆ. ತಗಡೇ ಶಿಥಿಲವಾಗಿದ್ದರೆ ಹೊಸ ಚೌಕಟ್ಟಿನಿಂದ ಪ್ರಯೋಜನವಿಲ್ಲ.

ಬಿರುಕಿಗೆ ಬೆಸುಗೆ ಹಾಕಿಸುವುದು ಅಗ್ಗ. ಆದರೆ ಅಧಿಕ ಬಲದ ಉಕ್ಕು ಬೆಸುಗೆಯ ಶಾಖದಿಂದ ದುರ್ಬಲವಾಗಬಹುದಾದ ಕಾರಣ, ಅದೇ ಮಾದರಿಯ ಬೇರೆ ಚೌಕಟ್ಟನ್ನು ಅಳವಡಿಸುವುದೇ ಸೂಕ್ತ. ಆಸನದಲ್ಲಿ ಏರ್‌ಬ್ಯಾಗ್ ಇದ್ದರೆ ಬ್ಯಾಟರಿಯ ಸಂಪರ್ಕ ಕಡಿದು, ಕೆಲವು ನಿಮಿಷಗಳ ಬಳಿಕವೇ ಆಸನವನ್ನು ಬಿಚ್ಚಬೇಕು.