ಸರ್ವಜ್ಞನ ಮಾತು, ಪಾದ್ರಿಯ ಜೋಳಿಗೆ

ಹುಬ್ಬಳ್ಳಿ-ಧಾರವಾಡಗಳ ನಡುವೆ ಇರುವ ಅಮರಗೋಳಕ್ಕೆ ಎರಡು ಗುರುತುಗಳಿವೆ. ಒಂದು, ಚಾಲುಕ್ಯ ಶೈಲಿಯ ಬನಶಂಕರಿ ದೇವಾಲಯ. ಇನ್ನೊಂದು, ಸುತ್ತಲಿನ ರೈತರು ಮಾಲು ತಂದು ಮಾರುವ ಕೃಷಿ ಉತ್ಪನ್ನ ಮಾರುಕಟ್ಟೆ. ದೇವಾಲಯದ ಚರಿತ್ರೆಯನ್ನು ಕಲ್ಲು ಹೇಳುತ್ತದೆ. ಮಾರುಕಟ್ಟೆಯಲ್ಲಿ ಕಿವಿಗೆ ಬೀಳುವ ಮಾತಿಗೂ ಒಂದು ಚರಿತ್ರೆಯಿದೆ. ಆದರೆ ಅದಕ್ಕೆ ಶಾಸನವಿಲ್ಲ. ಸಾಲ, ತೂಕ, ಮಳೆ, ಮನುಷ್ಯರ ನಂಬಿಕೆ ಇವುಗಳ ಬಗ್ಗೆ ಚರ್ಚೆ ನಡೆದಾಗ ‘ಸರ್ವಜ್ಞ ಹೇಳ್ಯಾನಲ್ಲ’ ಎಂದು ಯಾರಾದರೂ ಮಾತು ಮುಗಿಸುವುದು ಈ ಸೀಮೆಯಲ್ಲಿ ಹೊಸದೇನಲ್ಲ. ಸರ್ವಜ್ಞ ಹೇಳಿದ ಎಂದರೆ ಅಲ್ಲಿಗೆ ವಾದ ಮುಗಿಯಿತು.

ಆದರೆ ಸರ್ವಜ್ಞ ನಿಜವಾಗಿ ಏನು ಹೇಳಿದ, ಎಷ್ಟು ಹೇಳಿದ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮೊದಲಿಗರು ಧಾರವಾಡದಲ್ಲೇ ಹುಟ್ಟಿದ ಒಬ್ಬ ಕ್ರೈಸ್ತ ಪಾದ್ರಿ ಎಂಬುದು ಸ್ವಾರಸ್ಯದ ಸಂಗತಿ.

ಸರ್ವಜ್ಞ 16-17ನೇ ಶತಮಾನದವನಿರಬೇಕೆಂಬುದು ಸಾಮಾನ್ಯ ಅಭಿಪ್ರಾಯ. ಮಾಸೂರು, ಅಬಲೂರುಗಳೊಂದಿಗೆ ಅವನ ಹೆಸರು ಸೇರಿಕೊಂಡಿದೆ. ಈಗ ಹಾವೇರಿ ಜಿಲ್ಲೆಯಲ್ಲಿರುವ ಈ ಊರುಗಳು 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದವು. ಮನೆಮಠ ತೊರೆದು, ಭಿಕ್ಷೆ ಬೇಡುತ್ತ ಊರೂರು ಅಲೆದ ಅವನು ಕಂಡದ್ದನ್ನು ಮೂರು ಸಾಲಿನ ತ್ರಿಪದಿಯಲ್ಲಿ ಹೇಳಿದನೆಂದು ಜನ ನಂಬುತ್ತಾರೆ. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದುದೂ ತ್ರಿಪದಿಯೇ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೂ ತ್ರಿಪದಿ ಇದೆ. ಅಷ್ಟು ಹಳೆಯ, ಅಷ್ಟು ಬಳಕೆಯ ಮಟ್ಟನ್ನು ಆರಿಸಿಕೊಂಡ ಮಾತು ಒಂದೇ ಸಲಕ್ಕೆ ಬಾಯಿಪಾಠವಾಗುತ್ತಿತ್ತು. ಬರೆದಿಡುವ ಗರಜೇ ಬೀಳಲಿಲ್ಲ.

ಅವನ ಕಣ್ಣಿಗೆ ಬೀಳದ ಮನುಷ್ಯ ಸ್ವಭಾವವಿಲ್ಲ. ಸಾಲದ ಬಗ್ಗೆ ಅವನು ಆಡಿದ ಮಾತನ್ನೇ ನೋಡಬಹುದು. ಸಾಲ ತರುವ ದಿನ ಹಬ್ಬದೂಟ ಉಂಡಷ್ಟು ಸಂತೋಷ, ಕೊಟ್ಟವನು ಕೇಳಲು ಬಂದ ದಿನ ಮೈಮೂಳೆಯೇ ಮುರಿದಂಥ ಸಂಕಟ ಎಂಬುದು ಅದರ ಸಾರ. ಎಲ್ಲ ವಿದ್ಯೆಗಳಿಗಿಂತ ಒಕ್ಕಲುತನವೇ ಮೇಲು ಎಂದೂ ಹೇಳಿದ. ಕೀಳು ಜಾತಿಯೆಂದು ಕರೆಸಿಕೊಂಡವರ ಮನೆಯ ದೀಪವೇನು ಕೀಳಾಗುತ್ತದೆಯೇ ಎಂದು ಕೇಳಿದ. ಇವುಗಳ ಜೊತೆಗೆ ಊಟ, ಔಷಧ, ಒಗಟು, ಡಾಂಭಿಕ ಗುರುಗಳ ಗೇಲಿ, ಎಲ್ಲವೂ ಇದೆ.

ಬಾಯಿಂದ ಬಾಯಿಗೆ ಹರಿದ ಇಂಥ ಮಾತುಗಳನ್ನು ಅಚ್ಚಿಗೆ ತಂದ ಕೆಲಸದಲ್ಲಿ ಬಾಸೆಲ್ ಮಿಶನ್ನಿನ ಪಾಲು ದೊಡ್ಡದು. ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಧರ್ಮಪ್ರಚಾರಕ್ಕೆ ಬಂದವರು ಜನರ ಮಾತು ಕಲಿಯಬೇಕಾಯಿತು. ಕಲಿಯುತ್ತ ಕಲಿಯುತ್ತ ಅದಕ್ಕೆ ಮಾರುಹೋದರು. 1894ರಲ್ಲಿ ಪ್ರಕಟವಾದ ರೆವರೆಂಡ್ ಕಿಟೆಲ್ ಅವರ ನಿಘಂಟಿನಲ್ಲಿ ಶಬ್ದದ ಅರ್ಥಕ್ಕೆ ಕಾವ್ಯಗಳಂತೆಯೇ ಜನರ ಗಾದೆಗಳೂ ಸಾಕ್ಷಿಯಾಗಿ ಬಂದಿವೆ.

ಇದೇ ಪರಂಪರೆಯಲ್ಲಿ ಬೆಳೆದವರು ರೆವರೆಂಡ್ ಉತ್ತಂಗಿ ಚನ್ನಪ್ಪ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಪಾದ್ರಿಯ ಕೆಲಸ ಮಾಡುತ್ತಲೇ ಸರ್ವಜ್ಞನ ಬೆನ್ನುಹತ್ತಿದರು. ಹಸ್ತಪ್ರತಿಗಳನ್ನು ತಡಕಿದರು, ಜನರ ಬಾಯಲ್ಲಿದ್ದುದನ್ನು ಬರೆದುಕೊಂಡರು. 1924ರಲ್ಲಿ ಅವರ ‘ಸರ್ವಜ್ಞನ ವಚನಗಳು’ ಹೊರಬಂತು. ಮುಂದೆ ಅವರು ‘ತಿರುಳ್ಗನ್ನಡದ ತಿರುಕ’ ಎಂದೇ ಹೆಸರಾದರು. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು. 1962ರಲ್ಲಿ ತೀರಿಕೊಂಡರು. ತಿರುಕನ ಮಾತುಗಳನ್ನು ಇನ್ನೊಬ್ಬ ತಿರುಕ ತಿರಿದು ತಂದ ಎನ್ನಬೇಕು.

ಆದರೆ ಜೋಳಿಗೆ ತುಂಬಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಇಂದು ಸರ್ವಜ್ಞನ ಹೆಸರಿನಲ್ಲಿ ಸುಮಾರು ಎರಡು ಸಾವಿರ ತ್ರಿಪದಿಗಳಿವೆ. ಇವೆಲ್ಲ ಒಬ್ಬನೇ ಆಡಿದವೇ? ಕೊನೆಗೆ ‘ಸರ್ವಜ್ಞ’ ಎಂಬ ಒಂದು ಶಬ್ದ ಸೇರಿಸಿದರೆ ಯಾರ ಮಾತಾದರೂ ಅವನದಾಗುತ್ತದೆ. ಜಾತಿಯ ಹಮ್ಮನ್ನು ಮುರಿಯುವ ಪದ್ಯಗಳ ಪಕ್ಕದಲ್ಲೇ ಕಸುಬಿನ ಜನರನ್ನು ಹೀಗಳೆಯುವ ಪದ್ಯಗಳಿವೆ. ಮನೆಯ ಹೆಣ್ಣನ್ನು ಹೊಗಳುವ ಮಾತಿನ ಜೊತೆಗೇ ಹೆಣ್ಣನ್ನು ನಂಬಬೇಡ ಎನ್ನುವ ಮಾತೂ ಇದೆ. ಕೆಲವು ಅವನದಲ್ಲ, ಆಮೇಲೆ ಸೇರಿದ್ದು ಎಂದು ವಿದ್ವಾಂಸರು ಹೇಳುತ್ತಾರೆ. ಯಾವುದು ಮೂಲ, ಯಾವುದು ಸೇರ್ಪಡೆ ಎಂದು ಗೆರೆ ಎಳೆಯುವುದು ಮಾತ್ರ ಸುಲಭವಲ್ಲ. ತನಗೆ ಒಪ್ಪಿದ್ದೆಲ್ಲ ಸರ್ವಜ್ಞನದು, ಒಪ್ಪದ್ದೆಲ್ಲ ಬೇರೆಯವರದು ಎಂದುಬಿಟ್ಟರೆ ಅದು ಸಂಶೋಧನೆಯಾಗುವುದಿಲ್ಲ.

ಗಾದೆಗಳ ಹಣೆಬರಹವೂ ಇದೇ. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎನ್ನುತ್ತೇವೆ. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದವರೇ ‘ಬಾಯಿದ್ದವನು ಬರಗಾಲದಲ್ಲೂ ಬದುಕಿಯಾನು’ ಎಂದೂ ಹೇಳಿದ್ದಾರೆ. ಎರಡೂ ಸುಳ್ಳಲ್ಲ, ಎರಡೂ ಎಲ್ಲ ಹೊತ್ತಿಗೂ ನಿಜವಲ್ಲ. ಜಗಳ ಹತ್ತಿದ ಮನೆಯಲ್ಲಿ ಮೊದಲನೆಯದು ಬೇಕು. ಬೆಳೆಗೆ ಸರಿಯಾದ ಬೆಲೆ ಕೇಳುವ ರೈತನಿಗೆ ಎರಡನೆಯದು ಬೇಕು. ಗಾದೆ ತೀರ್ಪು ಕೊಡುವುದಿಲ್ಲ, ತೀರ್ಪು ಕೊಡುವವನಿಗೆ ಒಂದು ಸಾಕ್ಷಿ ಒದಗಿಸುತ್ತದೆ ಅಷ್ಟೇ. ಹೆಣ್ಣನ್ನೋ ಒಂದು ಕಸುಬಿನವರನ್ನೋ ಹಳಿಯಲು ಹಿರಿಯರ ಮಾತನ್ನು ಅಡ್ಡ ಹಿಡಿಯುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ. ಹಳೆಯ ಮಾತಾದ ಮಾತ್ರಕ್ಕೆ ಅದು ಹಿತನುಡಿಯಾಗುವುದಿಲ್ಲ.

ಸರ್ವಜ್ಞ ಇಂದು ಕರ್ನಾಟಕದ ಗುರುತುಗಳಲ್ಲಿ ಒಬ್ಬ. 2009ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ ಅನಾವರಣಗೊಂಡಾಗ ಅದಕ್ಕೆ ಜೋಡಿಯಾಗಿ ಚೆನ್ನೈನಲ್ಲಿ ನಿಂತದ್ದು ಸರ್ವಜ್ಞನ ಪ್ರತಿಮೆ. ಎರಡು ರಾಜ್ಯಗಳ ನಡುವಿನ ಸ್ನೇಹಕ್ಕೆ ಇಬ್ಬರು ನೀತಿಕವಿಗಳು ಜಾಮೀನಾದರು.

ತನ್ನ ಹೆಸರಿನ ಗುಟ್ಟನ್ನು ಸರ್ವಜ್ಞನೇ ಬಿಟ್ಟುಕೊಟ್ಟಿದ್ದಾನೆ. ಎಲ್ಲ ಬಲ್ಲೆನೆಂಬ ಜಂಬ ತನಗಿಲ್ಲ, ಎದುರು ಬಂದವರಿಂದ ಒಂದಿಷ್ಟು ಒಂದಿಷ್ಟು ಕೇಳಿ ತಿಳಿದದ್ದೇ ತನ್ನ ಬಂಡವಾಳ ಎಂಬರ್ಥದ ಮಾತು ಕನ್ನಡ ಶಾಲೆಯ ಮಕ್ಕಳಿಗೂ ಗೊತ್ತು. ಅವನ ಹೆಸರಿನ ಎರಡು ಸಾವಿರ ಪದ್ಯಗಳೂ ಬಹುಶಃ ಹಾಗೆಯೇ ಕೂಡಿದವು. ಹತ್ತಾರು ಊರಿನ ಜನ ತಮ್ಮ ಅನುಭವವನ್ನೂ ಸಿಟ್ಟನ್ನೂ ಸಣ್ಣತನವನ್ನೂ ಅದರಲ್ಲಿ ಹಾಕಿದ್ದಾರೆ. ಉತ್ತಂಗಿಯವರು ಜೋಳಿಗೆಯನ್ನು ತಂದು ನಮ್ಮ ಮುಂದೆ ಸುರುವಿದರು. ಕಾಳು ಯಾವುದು, ಹೊಟ್ಟು ಯಾವುದು ಎಂದು ಕೇರಿಕೊಳ್ಳುವ ಕೆಲಸ ಓದುವವರದು. ಅಮರಗೋಳದ ಮಾರುಕಟ್ಟೆಗೆ ಮಾಲು ತರುವ ರೈತರಿಗೆ ಅದನ್ನು ಬೇರೆ ಹೇಳಿಕೊಡಬೇಕಾಗಿಲ್ಲ.