ಕಿರೀಟಕ್ಕೆ ಮೊದಲು ಲೆಕ್ಕ

ಸರ್ಕಾರಿ ಹಣ ಪೋಲಾಯಿತೆಂಬ ಮಾತು ಏಳುವುದು ಸಾಮಾನ್ಯವಾಗಿ ಯಾರಾದರೂ ದೂರು ಕೊಟ್ಟಾಗ, ಇಲ್ಲವೆ ಆಡಿಟ್ ಆಕ್ಷೇಪಣೆ ಕಡತದಿಂದ ಹೊರಬಿದ್ದಾಗ. ಅಷ್ಟರಲ್ಲಿ ಖರ್ಚು ಮಾಡಿದ ಅಧಿಕಾರಿ ವರ್ಗವಾಗಿಯೋ ನಿವೃತ್ತನಾಗಿಯೋ ಹೋಗಿರುತ್ತಾನೆ. ಕ್ರಿ.ಪೂ. 4ನೇ ಶತಮಾನದ ಅಥೆನ್ಸ್ ನಗರದಲ್ಲಿ ಹೀಗೆ ಹೋಗಿಬಿಡಲು ದಾರಿಯಿರಲಿಲ್ಲ.

ಅಲ್ಲಿ ಹೆಚ್ಚಿನ ಹುದ್ದೆಗಳ ಅವಧಿ ಒಂದೇ ವರ್ಷ. ಅದು ಮುಗಿದ 30 ದಿನಗಳೊಳಗೆ ಅಧಿಕಾರಿ ತನ್ನ ಲೆಕ್ಕಪತ್ರವನ್ನು, ಚೀಟಿ ಎತ್ತಿ ಆರಿಸಿದ 10 ಮಂದಿ ಲೆಕ್ಕಿಗರ ಮುಂದಿಡಬೇಕಿತ್ತು. ಬಳಿಕ ಅದು 501 ನಾಗರಿಕರ ನ್ಯಾಯಸಭೆಗೆ ಬರುತ್ತಿತ್ತು. ಈತನ ಮೇಲೆ ಆರೋಪ ಹೊರಿಸುವವರು ಯಾರಾದರೂ ಇದ್ದಾರೆಯೇ ಎಂದು ಡಂಗುರದವನು ಕೂಗುತ್ತಿದ್ದ. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಆಮೇಲೆ ಮೂರು ದಿನ ಬೇರೆ ಪರಿಶೀಲಕರು ಪೇಟೆಯ ಚೌಕದಲ್ಲಿ ಕುಳಿತಿರುತ್ತಿದ್ದರು. ಯಾವ ನಾಗರಿಕನಾದರೂ ಸುಣ್ಣ ಬಳಿದ ಹಲಗೆಯ ಮೇಲೆ ತನ್ನ ದೂರನ್ನು ಬರೆದುಕೊಡಬಹುದಿತ್ತು. ಈ ಇಡೀ ವಿಧಿಗೆ ‘ಯೂಥುನಾ’ ಎಂದು ಹೆಸರು, ಅಂದರೆ ನೆಟ್ಟಗೆ ಮಾಡುವುದು.

ಲೆಕ್ಕ ಒಪ್ಪಿಸುವವರೆಗೆ ಆತ ಊರು ಬಿಡುವಂತಿಲ್ಲ, ಉಯಿಲು ಬರೆಯುವಂತಿಲ್ಲ, ದತ್ತು ಹೋಗುವಂತಿಲ್ಲ, ಆಸ್ತಿಯನ್ನು ದೇವರಿಗೆ ಅರ್ಪಿಸುವಂತೆಯೂ ಇಲ್ಲ. ಅವನ ಸರ್ವಸ್ವವೂ ಒಂದು ರೀತಿಯಲ್ಲಿ ನಗರಕ್ಕೆ ಒತ್ತೆ. ಕದ್ದದ್ದು ಅಥವಾ ಲಂಚ ತಿಂದದ್ದು ರುಜುವಾತಾದರೆ ಹತ್ತು ಪಟ್ಟು ದಂಡ. ಕಳವಿಲ್ಲದೆ ಆಡಳಿತದ ತಪ್ಪಿನಿಂದ ನಷ್ಟವಾಗಿದ್ದರೆ ಆ ಮೊತ್ತವನ್ನಷ್ಟೇ ಕಟ್ಟಬೇಕು, ಗಡುವು ಮೀರಿದರೆ ಎರಡರಷ್ಟು. ಈ ವಿವರ ಸಿಗುವುದು ಅರಿಸ್ಟಾಟಲನದೋ ಅವನ ಶಿಷ್ಯನದೋ ಆದ, ಅಥೆನ್ಸಿನ ಆಡಳಿತವನ್ನು ಕುರಿತ ಗ್ರಂಥದಲ್ಲಿ. 1891ರಲ್ಲಿ ಪ್ರಕಟವಾದ ಅದರ ಹಸ್ತಪ್ರತಿ ಈಜಿಪ್ಟಿನದು. ಯಾವುದೋ ಜಮೀನಿನ ಜಮಾಖರ್ಚು ಬರೆದ ಪಪೈರಸ್ ಸುರುಳಿಗಳ ಹಿಂಬದಿಯಲ್ಲಿ ಅದನ್ನು ನಕಲು ಮಾಡಿದ್ದರು!

ಈ ಕಟ್ಟುಪಾಡಿಗೆ ನಿಜವಾದ ಪರೀಕ್ಷೆ ಒಡ್ಡಿದವನು ಕಳ್ಳನಲ್ಲ, ದಾನಿ. ಮಹಾ ವಾಗ್ಮಿ ಡೆಮಾಸ್ತನೀಸ್ ಕೋಟೆ ಗೋಡೆಗಳ ದುರಸ್ತಿಯ ಅಧಿಕಾರಿಯಾಗಿದ್ದಾಗ ಸರ್ಕಾರದ ಹಣಕ್ಕೆ ತನ್ನ ಕೈಯಿಂದ 10,000 ದ್ರಾಖ್ಮಾ ಸೇರಿಸಿದ. ಅದನ್ನು ಮೆಚ್ಚಿ ಅವನಿಗೆ ಚಿನ್ನದ ಕಿರೀಟ ತೊಡಿಸಬೇಕೆಂದು ಕ್ರಿ.ಪೂ. 336ರಲ್ಲಿ ಟೆಸಿಫಾನ್ ಎಂಬಾತ ಸೂಚಿಸಿದ. ಆದರೆ ಲೆಕ್ಕ ಒಪ್ಪಿಸದವನಿಗೆ ಕಿರೀಟವಿಲ್ಲವೆಂದು ಕಾನೂನಿತ್ತು. ಹಳೆಯ ವೈರಿ ಈಸ್ಕಿನೀಸ್ ಅದನ್ನೇ ಹಿಡಿದು ಟೆಸಿಫಾನನ ಮೇಲೆ ದಾವೆ ಹೂಡಿದ. ವಿಚಾರಣೆ ನಡೆದದ್ದು ಕ್ರಿ.ಪೂ. 330ರಲ್ಲಿ.

ನಾನೇ ಕೊಟ್ಟ ಹಣಕ್ಕೆ ಯಾರಿಗೆ ಲೆಕ್ಕ ಹೇಳಲಿ ಎಂಬುದು ಡೆಮಾಸ್ತನೀಸನ ಪ್ರಶ್ನೆ. ಇಂದಿಗೂ ಕೇಳಿಬರುವ ವಾದವಿದು. ಈಸ್ಕಿನೀಸ್ ಇದಕ್ಕೆ ಮೊದಲೇ ಉತ್ತರ ಕೊಟ್ಟಿದ್ದ: ಅರ್ಚಕರೂ ಲೆಕ್ಕ ಕೊಡುತ್ತಾರೆ, ಸ್ವಂತ ಆಸ್ತಿ ವ್ಯಯಿಸಿ ಯುದ್ಧನೌಕೆ ನಡೆಸುವವರೂ ಕೊಡುತ್ತಾರೆ, ಒಂದು ಕಾಸೂ ಮುಟ್ಟದ ಅಧಿಕಾರಿ ಕೂಡ, ನಾನು ನಗರದ ಹಣ ಪಡೆದಿಲ್ಲ, ಖರ್ಚೂ ಮಾಡಿಲ್ಲ ಎಂದು ಬರೆದುಕೊಡಬೇಕು. ಕಾನೂನಿನ ಅಕ್ಷರ ಅವನ ಕಡೆಗೇ ಇತ್ತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಆದರೂ ಅವನಿಗೆ ಐದನೇ ಒಂದು ಪಾಲು ಮತವೂ ಬೀಳಲಿಲ್ಲ. ಮೆಸಿಡೋನಿಯದ ಫಿಲಿಪ್ ದೊರೆಯನ್ನು ಎದುರಿಸಿ ನಿಂತವನಿಗೆ ಜನ ಮತ ಹಾಕಿದರು, ಜಮಾಖರ್ಚಿಗೆ ಅಲ್ಲ. ಈಸ್ಕಿನೀಸ್ ಊರನ್ನೇ ಬಿಟ್ಟ.

ಜನಪ್ರಿಯನ ವಿಷಯದಲ್ಲಿ ಇಷ್ಟು ಮೆತ್ತಗಾದ ನ್ಯಾಯಸಭೆ ಇತರರ ಬಗ್ಗೆ ಕಠೋರವಾಗಿದ್ದದ್ದೂ ಉಂಟು. ಇದಕ್ಕೆ ನೂರು ವರ್ಷಕ್ಕೂ ಹಿಂದಿನ ಮಾತು. ಮಿತ್ರ ರಾಜ್ಯಗಳ ಕಪ್ಪಕಾಣಿಕೆ ನೋಡಿಕೊಳ್ಳುತ್ತಿದ್ದ ಖಜಾಂಚಿಗಳ ಮೇಲೆ ಹಣ ನುಂಗಿದ ಆರೋಪ ಬಂತು. ಸಿಟ್ಟಿಗೆದ್ದ ಜನ ಅವರನ್ನು ಒಬ್ಬೊಬ್ಬರಾಗಿ ಕೊಲ್ಲಿಸಿದರು. ಸೋಸಿಯಾಸ್ ಎಂಬವನೊಬ್ಬ, ಶಿಕ್ಷೆ ಘೋಷಣೆಯಾಗಿದ್ದರೂ, ಇನ್ನೂ ಜೀವಂತವಿದ್ದ. ಆಗ ಹಣ ಹೇಗೆ ಕಾಣೆಯಾಗಿತ್ತೆಂಬ ನಿಜಾಂಶ ಹೊರಬಂತು, ಅವನನ್ನು ಬಿಟ್ಟುಬಿಟ್ಟರು. ಮುಂದೆ ವಾಗ್ಮಿ ಆಂಟಿಫಾನ್, ಕೊಲೆ ಆಪಾದನೆಗೆ ಸಿಕ್ಕಿದ ಕಕ್ಷಿದಾರನೊಬ್ಬನಿಗೆ ಬರೆದುಕೊಟ್ಟ ಭಾಷಣದಲ್ಲಿ ಈ ಪ್ರಸಂಗವನ್ನು ನೆನಪಿಸಿದ. ಸಭೆಯಲ್ಲಿದ್ದ ಹಿರಿಯರಿಗೆ ಅದು ತಿಳಿದದ್ದೇ, ಕಿರಿಯರು ಕೇಳಿ ತಿಳಿದುಕೊಂಡಿರಬಹುದು ಎಂದು ಅವನು ಬರೆದಿದ್ದಾನೆ.