ಬಿದನೂರಿನ ಪತನ ಮತ್ತು ಯುದ್ಧದ ನೆಪಗಳು

ಯುದ್ಧ ಹೂಡಲು ಸೈನ್ಯ, ಹಣಗಳಷ್ಟೇ ಸಾಲವು. ಲೋಕ ಒಪ್ಪುವಂತಹ ಒಂದು ನೆಪವೂ ಬೇಕು. ಇದಕ್ಕೆ ನಿದರ್ಶನವನ್ನು ನಮ್ಮ ಮಲೆನಾಡಿನವರು ದೂರದಲ್ಲಿ ಹುಡುಕಬೇಕಾಗಿಲ್ಲ.

ಸಾಗರ ತಾಲ್ಲೂಕಿನ ಕೆಳದಿ ಮತ್ತು ಇಕ್ಕೇರಿ, ಹೊಸನಗರ ತಾಲ್ಲೂಕಿನ ಬಿದನೂರು, ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ – ಇವೆಲ್ಲ ಕೆಳದಿ ಅರಸರ ನೆಲೆಗಳು. ಕರಾವಳಿಯ ಬಂದರುಗಳೂ ಮೆಣಸಿನ ವ್ಯಾಪಾರವೂ ಅವರ ಕೈಯಲ್ಲಿದ್ದವು. ಆ ಸಂಪತ್ತಿನ ಮೇಲೆ ಹೈದರಾಲಿಯ ಕಣ್ಣಿತ್ತು.

ಆಗ ರಾಣಿ ವೀರಮ್ಮಾಜಿ ದತ್ತುಪುತ್ರ ಸೋಮಶೇಖರನ ಹೆಸರಿನಲ್ಲಿ ಆಳುತ್ತಿದ್ದಳು. ಹಿಂದಿನ ಅರಸ ಚೆನ್ನಬಸಪ್ಪ ನಾಯಕನನ್ನು ಅವಳೇ ಕೊಲ್ಲಿಸಿದಳೆಂಬ ಅಪವಾದ ಹಬ್ಬಿತ್ತು. ಇಂತಹ ಸಮಯದಲ್ಲಿ, ತಾನೇ ಆ ಚೆನ್ನಬಸಪ್ಪನೆಂದೂ ಸಾವಿನಿಂದ ಪಾರಾಗಿ ಬಂದವನೆಂದೂ ಹೇಳಿಕೊಂಡ ತರುಣನೊಬ್ಬ ಚಿತ್ರದುರ್ಗದಲ್ಲಿ ಹೈದರನ ಆಶ್ರಯಕ್ಕೆ ಬಂದ. ಅವನಿಗೆ ಪಟ್ಟ ಕೊಡಿಸುವ ಹೆಸರಿನಲ್ಲಿ ದಂಡು ಹೊರಟಿತು. 1763ರಲ್ಲಿ ಬಿದನೂರು ಬಿದ್ದು ‘ಹೈದರನಗರ’ವಾಯಿತು. ಇಂದಿನ ನಗರ ಎಂಬ ಊರು ಅದೇ.

ಪಟ್ಟವಾದರೂ ಯಾರಿಗೆ ಸಿಕ್ಕಿತು? ರಾಣಿಯನ್ನೂ ಅವಳ ಮಗನನ್ನೂ ಹೈದರ್ ಮಧುಗಿರಿಯ ಕೋಟೆಗೆ ಸೆರೆಯಾಗಿ ಕಳುಹಿಸಿದ. ಯಾರ ಹಕ್ಕಿಗಾಗಿ ಯುದ್ಧ ನಡೆಯಿತೋ ಆ ತರುಣನಿಗೂ ಅದೇ ಸೆರೆಮನೆಯೇ ಗತಿಯಾಯಿತು! 1767ರಲ್ಲಿ ಪೇಶ್ವೆ ಮಾಧವರಾಯ ಮಧುಗಿರಿಯನ್ನು ಗೆದ್ದಾಗಲೇ ಬಿಡುಗಡೆ.

ಈ ವೃತ್ತಾಂತವನ್ನು ವಿಸ್ತಾರವಾಗಿ ಬರೆದ ಕರ್ನಲ್ ಮಾರ್ಕ್ ವಿಲ್ಕ್ಸ್, ಹೈದರ್ ಮನೆತನದೊಡನೆ ಹೋರಾಡಿದ ಕಂಪನಿಯ ಅಧಿಕಾರಿ ಎಂಬುದನ್ನು ಮರೆಯಬಾರದು. ರಾಣಿಯ ಮೇಲಿನ ಅಪವಾದವನ್ನಂತೂ ಇನ್ನಷ್ಟು ಎಚ್ಚರದಿಂದ ಓದಬೇಕು; ಸೋತವರ ಚಾರಿತ್ರ್ಯಕ್ಕೆ ಮಸಿ ಬಳಿಯುವುದು ಗೆದ್ದವರಿಗೆ ಸುಲಭ.

ಇಪ್ಪತ್ತನೆಯ ಶತಮಾನದಲ್ಲಿ ನೆಪಗಳನ್ನು ಹುಡುಕುವುದರ ಜೊತೆಗೆ ತಯಾರಿಸುವುದೂ ನಡೆಯಿತು. 1939ರ ಆಗಸ್ಟ್ 31ರ ರಾತ್ರಿ ಹಿಟ್ಲರನ ಎಸ್‌ಎಸ್ ಪಡೆಯವರು ಪೋಲೆಂಡಿನವರಂತೆ ನಟಿಸಿ, ತಮ್ಮದೇ ಗಡಿ ಊರಾದ ಗ್ಲೈವಿಟ್ಸ್‌ನ ರೇಡಿಯೋ ಕೇಂದ್ರಕ್ಕೆ ನುಗ್ಗಿದರು. ಮರುದಿನ ಬೆಳಗಾಗುವಾಗ ಪೋಲೆಂಡಿನ ಮೇಲೆ ಆಕ್ರಮಣ. ಆ ತಂಡದ ನಾಯಕ ನೌಯೋಕ್ಸ್ ಯುದ್ಧಾನಂತರ ನೂರೆಂಬರ್ಗ್ ವಿಚಾರಣೆಗೆ ಕೊಟ್ಟ ಪ್ರಮಾಣಪತ್ರದಿಂದ ಸತ್ಯ ಹೊರಬಿತ್ತು. ಇಂತಹದಕ್ಕೇ ಈಗ ‘ಫಾಲ್ಸ್ ಫ್ಲಾಗ್’ ಎನ್ನುತ್ತಾರೆ.

ಹಾಗೆಂದು ಪ್ರತಿ ದಾಳಿಯನ್ನೂ ಸರ್ಕಾರಗಳೇ ಮಾಡಿಸಿದ್ದೆಂದು ಪುರಾವೆಯಿಲ್ಲದೆ ಆರೋಪಿಸುವುದು ಇತಿಹಾಸವಲ್ಲ. ಗ್ಲೈವಿಟ್ಸ್‌ಗೆ ಸಾಕ್ಷ್ಯವಿದೆ, ಆದ್ದರಿಂದ ಹೇಳುತ್ತೇವೆ. ಸಾಕ್ಷ್ಯ ಸಿಗುವ ಮೊದಲು ನಾವು ಕೇಳಬಹುದಾದ ಪ್ರಶ್ನೆಯೊಂದನ್ನು ಬಿದನೂರು ಕಲಿಸಿದೆ: ಯಾರ ಹೆಸರಿನಲ್ಲಿ ಯುದ್ಧ ನಡೆಯಿತೋ ಅವರು ಗೆಲುವಿನ ಮರುದಿನ ಎಲ್ಲಿದ್ದರು?